ಬಿಟ್ಟಿ ಈಸಿಕೊಳ್ಳದ ಮನೆ

"ಎರಡು ಇಟ್ಕಂಡು ಏನ್ಲಾ ಮಾಡ್ತೀಯ? ಹರಾಜು ಕಟ್ಟೆಗೆ ಹಾಕ್ತೀಯಾ? ಒಂದು ಕೊಡ್ಲಾ ನಿನ್ ತಮ್ಮಂಗೆ!"

ಮುದ್ದೆ ಕಟ್ಟುತ್ತಿದ್ದ ಕೈಯನ್ನೇ ದೊಡ್ಡ ಮಗನ ಮುಖಕ್ಕೆ ಚಾಚಿ ಚಾಮುಂಡಮ್ಮ ಕೂಗಿದಳು. ಬಿಸಿ ಹಿಟ್ಟು ಬೆರಳಿಗೆ ಮೆತ್ತಿಕೊಂಡು ಸುಡುತ್ತಿದ್ದದ್ದು ಅವಳಿಗೆ ಗೊತ್ತಾಗಲಿಲ್ಲ. ಲಿಂಗರಾಜು ತಟ್ಟೆ ಮುಂದೆ ತಲೆ ತಗ್ಗಿಸಿ ಕೂತಿದ್ದ. ಉತ್ತರ ಬಂದದ್ದು ಅವನ ಹೆಂಡತಿ ಕಾವ್ಯಶ್ರೀಯಿಂದ.

"ಅತ್ತೆ, ಅದೇನು ಕೊಟ್ಟಿಗೇಲಿ ಕಟ್ಟಿರೋ ಜೋಡೆತ್ತಾ, ಒಂದು ಬಿಚ್ಚಿ ಕಳ್ಸಾಕೆ? ಕಿಡ್ನಿ. ನನ್ ಗಂಡನ ಹೊಟ್ಟೆ ಒಳಗಿರೋದು."

"ನಿನ್ ಗಂಡ ನನ್ ಹೊಟ್ಟೆ ಒಳಗಿದ್ದೋನು ಕಣಮ್ಮಿ! ನಿನ್ ಗಂಡ ಆಗಿದ್ದು ಆಮೇಲೆ."

"ಅಂಗಂತ ಕೊಯ್ದು ಹಂಚಾಕಾಯ್ತದಾ? ಸಸಿ ನೆಡೋ ಕಾಲ. ಇವ್ರು ಆಸ್ಪತ್ರೇಲಿ ಮಲಿಕಂಡ್ರೆ ಹೊಲ ಯಾರು ನೋಡ್ತಾರೆ? ನನ್ ಮಕ್ಕಳ್ನ ಯಾರು ನೋಡ್ತಾರೆ?"

"ನಾ ನೋಡ್ತೀನಿ. ನಿನ್ ಗಂಡನ್ನೂ ನಾನೇ ನೋಡಿ ಸಾಕ್ದೋಳು."

ಜಗುಲಿ ಮೇಲಿಂದ ಮಂಚಯ್ಯ ಕೆಮ್ಮಿದ. "ಯಾಕಮ್ಮಿ ಕಿತ್ತಾಡ್ತೀರಿ? ನಂದು ತಗಳ್ರೋ. ಮುದುಕಂಗೆ ಇನ್ನೇನಾಗ್ಬೇಕು?"

"ನಿಂದು ಸಕ್ಕರೆ ಕಾಯ್ಲೇಲಿ ಕರಗಿ ನೀರಾಗದೆ. ಸುಮ್ನೆ ಬೀಡಿ ಸೇದು!" ಎಂದು ಚಾಮುಂಡಮ್ಮ ಗಂಡನ ಬಾಯಿಗೂ ಬೀಗ ಹಾಕಿದಳು.

ಲಿಂಗರಾಜು ಎದ್ದ. ತಟ್ಟೆಯಲ್ಲಿ ಮುದ್ದೆ ಮುರಿದ ಹಾಗೇ ಇತ್ತು. "ಹೊಲದ ಕಡೆ ಹೋಗ್ಬತ್ತೀನಿ" ಅಂದ. ಅವನು ಇಲ್ಲ ಅನ್ನಲಿಲ್ಲ, ಹ್ಞೂಂ ಅನ್ನಲಿಲ್ಲ. ಅದೇ ಚಾಮುಂಡಮ್ಮನಿಗೆ ಉರಿ. ಇಲ್ಲ ಅಂದಿದ್ದರೆ ಎರಡು ಬಾರಿಸಿ, ಅತ್ತು, ಕಾಲು ಹಿಡಿದು ಏನಾದರೂ ಮಾಡಬಹುದಿತ್ತು. ಬಾಯೇ ಬಿಡದವನನ್ನು ಏನು ಮಾಡುವುದು?

ಒಳಮನೆಯ ಮಂಚದ ಮೇಲೆ ಮಲಗಿದ್ದ ಉಮಾಶಂಕರ ಎಲ್ಲ ಕೇಳಿಸಿಕೊಂಡು ಗೋಡೆ ಕಡೆ ಹೊರಳಿದ.

ಉಮಾಶಂಕರ ಈ ಮನೆಯ ಕಿರಿಮಗ. ಹೋದ ವರ್ಷದ ತನಕ ಕಟ್ಟೆಮಳಲವಾಡಿಯ ಸುತ್ತಿನ ಊರುಗಳಿಂದ ಹೊಗೆಸೊಪ್ಪಿನ ಬೇಲುಗಳನ್ನು ಗೂಡ್ಸ್ ಆಟೋದಲ್ಲಿ ಹರಾಜು ಕಟ್ಟೆಗೆ ಸಾಗಿಸುತ್ತಿದ್ದ. ಹಾಡಿಕೊಂಡು ಓಡಾಡುವ ಹುಡುಗ. ಮೊದಲು ಕಾಲು ಊದಿತು, ಆಮೇಲೆ ಮುಖ. ಊಟ ಕಂಡರೆ ವಾಂತಿ. ನಾಟಿ ಔಷಧಿ, ತಾಯತ, ಹರಕೆ ಎಲ್ಲ ಮುಗಿಸಿ ಮೈಸೂರಿಗೆ ಹೋಗುವ ಹೊತ್ತಿಗೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಆಟೋ ಮಾರಿದರು. ಪಿರಿಯಾಪಟ್ಟಣದಲ್ಲಿ ಗೊತ್ತಾಗಿದ್ದ ಹೆಣ್ಣಿನ ಕಡೆಯವರು ಫೋನು ಎತ್ತುವುದನ್ನೇ ಬಿಟ್ಟರು. ಈಗ ವಾರಕ್ಕೆರಡು ಸಲ ಹುಣಸೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು, ಹಿಂಡಿದ ಬಟ್ಟೆಯ ಹಾಗೆ ಬಸ್ಸಿಳಿದು ಬರುತ್ತಿದ್ದ.

ಅವನ ಅಡಿಗೆ ಬೇರೆ. ಸೊಪ್ಪು, ಆಲೂಗೆಡ್ಡೆ ಎಲ್ಲ ನೆನೆಹಾಕಿ, ಬೇಯಿಸಿ, ನೀರು ಬಸಿದು, ಉಪ್ಪಿಲ್ಲದೆ ಮಾಡಬೇಕು. ಎರಡೆರಡು ಸಾರು ಕಾಯಿಸಿ ಕಾವ್ಯಶ್ರೀಯ ಸೊಂಟ ಬಿದ್ದುಹೋಗಿತ್ತು. ಬೈದುಕೊಂಡೇ ಮಾಡುತ್ತಿದ್ದಳು, ಆದರೆ ಒಂದು ಹೊತ್ತೂ ತಪ್ಪಿಸಿದವಳಲ್ಲ. ಊಟಕ್ಕಿಂತ ದೊಡ್ಡ ಹಿಂಸೆ ನೀರಿನದು. ಕುಡಿದ ನೀರು ಹೊರಗೆ ಹೋಗದೆ ಎದೆಗೆ ತುಂಬಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದರು. ಚಾಮುಂಡಮ್ಮ ದಿನಾ ಬೆಳಿಗ್ಗೆ ಒಂದು ಹಿತ್ತಾಳೆ ಚೊಂಬು ತುಂಬಿ ಗೂಡಿನಲ್ಲಿಡುತ್ತಿದ್ದಳು. ಇಡೀ ದಿನಕ್ಕೆ ಅಷ್ಟೇ. ಮಾತ್ರೆಗೂ ಅದರಲ್ಲೇ, ಬಾಯಾರಿದರೂ ಅದರಲ್ಲೇ. ಉಳಿದವರು ಅವನ ಎದುರು ನೀರು ಕುಡಿಯುವುದನ್ನು ಬಿಟ್ಟಿದ್ದರು. ಮಂಚಯ್ಯ ಮಾತ್ರ ಮರೆತು ಗಟಗಟ ಅಂತ ಕುಡಿದು ಹೆಂಡತಿಯ ಕೈಲಿ ಬೈಸಿಕೊಳ್ಳುತ್ತಿದ್ದ.

ಉಮಾಶಂಕರನದು ಓ ಗುಂಪಿನ ರಕ್ತ. ಓ ಇದ್ದವರೇ ಕೊಡಬೇಕು. ಚಾಮುಂಡಮ್ಮ ಎಲ್ಲರಿಗಿಂತ ಮೊದಲು ಹೋಗಿ ತೋಳು ಚಾಚಿದ್ದಳು. ಅವಳ ಗುಂಪು ಬೇರೆ. ಮನೆಯಲ್ಲಿ ಓ ಇದ್ದವನು ಲಿಂಗರಾಜು ಒಬ್ಬನೇ.

ಕಿಡ್ನಿ ಬೇಕಾದವರ ಮನೆಯವರನ್ನು ಕೂರಿಸಿಕೊಂಡು, ಕೊಡುವವರನ್ನು ಹುಡುಕುವುದು ಹೇಗೆ ಎಂದು ತಿಳಿಸಿ ಹೇಳಲು ಮೈಸೂರಿನ ಆಸ್ಪತ್ರೆಯಲ್ಲಿ ಸುಕನ್ಯ ಎಂಬ ಹುಡುಗಿ ಇದ್ದಳು. ತಾಳ್ಮೆಯ ಹುಡುಗಿ.

"ಸತ್ತವರ ಕಿಡ್ನಿಗೆ ಹೆಸರು ಬರೆಸಿದ್ದೀವಮ್ಮ. ಆದರೆ ಸರದಿ ತುಂಬಾ ಉದ್ದ. ಬದುಕಿರೋರು ಯಾರಾದರೂ ಕೊಟ್ಟರೆ ಬೇಗ ಆಗುತ್ತೆ. ಅಣ್ಣ ಕೊಟ್ಟರೆ ಎಲ್ಲ ಸುಲಭ. ಹೊರಗಿನವರಾದರೆ ಒಪ್ಪಿಗೆ ಕೊಡೋ ಸಮಿತಿ ಮುಂದೆ ಹೋಗಬೇಕು."

"ಹೊರಗಿನೋರ್ನ ಎಂಗವ್ವ ಕೇಳೋದು? ಸೇರು ರಾಗಿನಾ ಕೇಳಾಕೆ?"

"ಕೊಡಿ ಅಂತ ಕೇಳಲೇಬೇಡಿ. ಮಗನಿಗೆ ಹೀಗಾಗಿದೆ ಅಂತ ನಾಲ್ಕು ಜನಕ್ಕೆ ತಿಳಿಸಿ. ಕಾಯಿಲೆಯವರು ತಮ್ಮ ಬಾಯಲ್ಲಿ ಹೇಳ್ಕೊಳ್ಳೋದು ಕಷ್ಟ. ಅವರ ಪರವಾಗಿ ಮನೇಲಿ ಒಬ್ಬರು ಮಾತಾಡಬೇಕು. ಮನಸ್ಸಿರೋರು ತಾವಾಗೇ ಬರ್ತಾರೆ. ಬಲವಂತ ಮಾಡಬಾರದು. ಮತ್ತೆ ಅಮ್ಮ, ಕೊಡೋರಿಗೆ ನೀವು ಏನೂ ಕೊಡೋ ಹಾಗಿಲ್ಲ. ಅದು ಕಾನೂನು."

"ಕೊಡಾಕೆ ಇದ್ರಲ್ವಾ ದುಡ್ಡು?" ಎಂದು ಚಾಮುಂಡಮ್ಮ ನಕ್ಕುಬಿಟ್ಟಳು. ಅವಳ ಲೆಕ್ಕದಲ್ಲಿ ಕೊಡುವುದೆಂದರೆ ದುಡ್ಡು. ಅದು ಅವಳ ಹತ್ತಿರ ಇರಲಿಲ್ಲ. ಅಲ್ಲಿಗೆ ಆ ಮಾತು ಮುಗಿಯಿತು.

ಬಸ್ಸಿನಲ್ಲಿ ಉಮಾಶಂಕರ ಅಂದ, "ನನ್ ಪರವಾಗಿ ಮಾತಾಡೋದು ನೀನು ಬ್ಯಾಡ ಕಣವ್ವ. ನೀ ಬಾಯಿ ಬುಟ್ರೆ ಇರೋ ನೆಂಟ್ರೂ ಓಡೋಯ್ತಾರೆ. ಅತ್ತಿಗೆ ಮೊಬೈಲಲ್ಲಿ ಹಾಕ್ಲಿ."

"ಓಡೋಗೋ ನೆಂಟ್ರು ಓಡೋಗ್ಲಿ. ನಿಂತ್ಕಳೋನು ಒಬ್ಬ ಸಾಕು."

ಆ ಒಬ್ಬನನ್ನು ಹುಡುಕಿಕೊಂಡು ಚಾಮುಂಡಮ್ಮ ಮೊದಲು ಹೋದದ್ದು ತವರಿಗೆ, ಕೆ.ಆರ್. ನಗರದಾಚೆ ಹೊಸ ಅಗ್ರಹಾರಕ್ಕೆ. ತಮ್ಮ ಷಣ್ಮುಖಪ್ಪನ ಮೊಮ್ಮಗುವಿಗೆ ನಾಮಕರಣವಿತ್ತು. ನೆಂಟರೆಲ್ಲ ಒಂದೇ ಕಡೆ ಸಿಗುತ್ತಾರೆ, ಮನೆಮನೆ ತಿರುಗುವ ಬಸ್ ಚಾರ್ಜಾದರೂ ಉಳಿಯುತ್ತದೆ ಎಂಬುದು ಅವಳ ಯೋಚನೆ. ಪಂಕ್ತಿಯಲ್ಲಿ ಪಾಯಸ ಬರುವ ತನಕ ತಡೆದಳು. ಆಮೇಲೆ ಎದ್ದು ನಿಂತಳು.

"ಎಲ್ರೂ ಕೇಳಿ. ನನ್ ಉಮಾಗೆ ಎರಡೂ ಕಿಡ್ನಿ ಹೋಗವೆ. ಓ ಗ್ರೂಪಿನೋರು ಯಾರ್ಯಾರಿದ್ದೀರಾ, ಕೈಯೆತ್ತಿ!"

ಬಾಯಿಗೆ ಹೋಗುತ್ತಿದ್ದ ತುತ್ತುಗಳು ಅಲ್ಲಲ್ಲೇ ನಿಂತವು. ಎಲೆ ಮೇಲಿನ ಕೈಗಳು ಎಲೆ ಮೇಲೇ ಉಳಿದವು.

"ಅಕ್ಕ, ಮೊದ್ಲು ಉಣ್ಣು" ಎಂದು ಷಣ್ಮುಖಪ್ಪ ಓಡಿಬಂದ. "ಶುಭಕಾರ್ಯದಲ್ಲಿ ಇದೇನಕ್ಕ?"

"ನಿಂದು ಯಾವ ಗ್ರೂಪ್ಲಾ?"

"ನಂಗೇನ್ ಗೊತ್ತು?"

"ಹೋದ್ವರ್ಷ ಹರ್ನಿಯಾ ಆಪರೇಸನ್ ಮಾಡಿಸ್ಕಂಡ್ಯಲ್ಲ, ಆಗ ನಿನ್ನ ಮೈಲಿ ರಕ್ತ ಇತ್ತೋ ಮಜ್ಜಿಗೆ ಇತ್ತೋ?"

ಸೌಟು ಹಿಡಿದು ಬಂದ ಅವನ ಹೆಂಡತಿ ಚಿಕ್ಕಬಸಮ್ಮ ಕಡ್ಡಿ ಮುರಿದ ಹಾಗೆ ಹೇಳಿದಳು. "ಗೊತ್ತಿದ್ರೂ ಯೋಳಾಕಿಲ್ಲ ಬುಡಿ ಅತ್ತಿಗೆ. ಮಗೀಗೆ ಹೆಸರಿಡೋ ದಿನ ಬಂದು ಕಿಡ್ನಿ ಕೇಳ್ತೀರಲ್ಲ, ನಿಮಗೆಂಗಾರ ಬಾಯಿ ಬತ್ತದೋ!"

"ಇನ್ಯಾವಾಗ ಬಂದು ಕೇಳ್ಲಿ? ನನ್ ಮಗನ ತಿಥಿ ದಿನಾನಾ?"

ಚಾಮುಂಡಮ್ಮ ಎಲೆ ಮಡಿಸಿ, ಪಾಯಸ ಮುಟ್ಟದೆ ತವರಿನ ಬಾಗಿಲು ದಾಟಿದಳು. ಅಲ್ಲಿಂದಾಚೆ ಆ ಕಡೆಯ ನೆಂಟರ ಫೋನೂ ನಿಂತುಹೋಯಿತು. ಕಾವ್ಯಶ್ರೀ ಮೈದುನನ ಫೋಟೋ ಹಾಕಿ ಮೊಬೈಲಿನಲ್ಲಿ ನಾಲ್ಕು ಸಾಲು ಬರೆದಳು. ಊರೂರಿನವರು ಕೈ ಮುಗಿದ ಚಿತ್ರ ಕಳಿಸಿದರು. ಬಂದು ನಿಂತವರು ಯಾರೂ ಇಲ್ಲ.

ಆಷಾಢದ ಗಾಳಿಯ ಒಂದು ಬೆಳಿಗ್ಗೆ ಪಕ್ಕದ ಬೀದಿಯ ಮಾದೇವ ಬಂದು ಜಗುಲಿ ಮೇಲೆ ಕೂತ. ಉಮಾಶಂಕರನ ಓರಗೆಯವನು. ಎರಡು ಮನೆಗೂ ಮುಯ್ಯಾಳಿನ ನಂಟು. ಹೊಗೆಸೊಪ್ಪು ಮುರಿಯುವಾಗ, ಸೊಪ್ಪು ಬೇಯಿಸುವ ಬ್ಯಾರನ್ ಮನೆ ತುಂಬುವಾಗ ಅವರು ಇವರಲ್ಲಿಗೆ ಬರುತ್ತಿದ್ದರು, ಇವರು ಅವರಲ್ಲಿಗೆ ಹೋಗುತ್ತಿದ್ದರು. ಕೂಲಿ ಇಲ್ಲ. ಒಬ್ಬ ಆಳು ಬಂದರೆ ಒಬ್ಬ ಆಳು ಹೋಗಿ ತೀರಿಸಬೇಕು. ತೀರಿಸದ ಮನೆಗೆ ಮರುವರ್ಷ ಯಾರೂ ಕಾಲಿಡುವುದಿಲ್ಲ. ಹಿಂದೊಂದು ಸಲ ಮಾದೇವ ಬ್ಯಾರನ್ನಿನ ಅಟ್ಟಣಿಗೆಯಿಂದ ಬಿದ್ದು ಕಾಲು ಮುರಿದುಕೊಂಡಾಗ, ಅವನ ಇಡೀ ಬೆಳೆಯನ್ನು ಉಮಾಶಂಕರನೇ ಬೇಯಿಸಿ ಕೊಟ್ಟಿದ್ದ.

"ಚಾಮವ್ವ, ನಂದು ಓ ಗ್ರೂಪೇಯ. ಕಾಲು ಮುರ್ದಾಗ ಆಸ್ಪತ್ರೇಲಿ ಯೋಳಿದ್ರು. ಆಯ್ತದಾ ನೋಡಿ" ಅಂದ, ಕುಡುಗೋಲು ಎರವಲು ಕೊಡುವವನ ಹಾಗೆ.

ಚಾಮುಂಡಮ್ಮನ ಬಾಯಿಂದ ಬೈಗುಳವೇ ಬಂತು. "ಇಷ್ಟು ದಿನ ಎಲ್ಲಿ ಸತ್ತಿದ್ಯೋ ಬೇವಾರ್ಸಿ?"

"ನೀವು ನನ್ನ ಕೇಳ್ನೇ ಇಲ್ವಲ್ಲ."

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋಗಿ, ಅವನಿಗೆ ರೊಟ್ಟಿಯ ಮೇಲೆ ಬೆಣ್ಣೆ ಹಾಕಿಕೊಂಡು ಬಂದಳು. ಉಮಾಶಂಕರ ಬಾಗಿಲಿಗೆ ಒರಗಿ ನಿಂತ. "ಯೋಚ್ನೆ ಮಾಡ್ಲಾ ಮಾದೇವ. ರಾಣಿ ಏನಂತಾಳೆ?"

"ಬೈತಾಳೆ. ಅದೇನ್ ಹೊಸ್ದಾ?"

ಪರೀಕ್ಷೆಯೆಲ್ಲ ಆಯಿತು. ಹೊಂದುತ್ತದೆ ಅಂದರು. ಆಗ ಮಾದೇವನ ಹೆಂಡತಿ ರಾಣಿ ಬಂದಳು. ಅವಳು ಜಗಳಕ್ಕೆ ಬಂದವಳಲ್ಲ, ನ್ಯಾಯ ಕೇಳಲು ಬಂದವಳು.

"ಕೊಟ್ಟೋರು ಮೂರು ತಿಂಗಳು ಭಾರ ಎತ್ತಂಗಿಲ್ವಂತೆ ಚಾಮವ್ವ. ಸೊಪ್ಪು ಮುರಿಯೋದೂ ಬ್ಯಾರನ್ನೂ ಆಗ್ಲೇ ಬತ್ತದೆ. ನಾನೊಬ್ಳೇ ಏನ್ ಮಾಡ್ಲಿ?"

"ನನ್ ಲಿಂಗ ಮಾಡ್ತಾನೆ. ನಿನ್ ಹೊಲ, ನಿನ್ ಬ್ಯಾರನ್ನು, ಈ ವರ್ಷವೂ ಬರೋ ವರ್ಷವೂ. ಬಾವಿ ಮಗ್ಗುಲಿನ ತುಂಡು ಹೊಲಾನೂ ನೀವೇ ಉಣ್ಕಳಿ."

ಮಾದೇವ ಮುಖ ಕಿವುಚಿದ. "ಅದೆಲ್ಲ ಯಾಕೆ ಚಾಮವ್ವ? ಕಾಲು ಮುರ್ದಾಗ ಅವನು ಬಂದಿದ್ದ, ಈಗ ನಾ ಬತ್ತೀನಿ. ತೀರೋಯ್ತು ಬುಡಿ."

"ನಿಂಗೆ ತೀರ್ತು. ನಂಗೆ ತೀರ್ಬೇಡ್ವಾ? ನಾಳೆ ಬೀದೀಲಿ ಹೋಗೋರು ಬಿಟ್ಟಿ ಈಸ್ಕಂಡ ಮನೆ ಅಂತ ತೋರಿಸ್ಬೇಕಾ? ಈ ಮನೆ ಯಾರತ್ರಾನೂ ಬಿಟ್ಟಿ ಈಸ್ಕಂಡಿಲ್ಲ, ಈಸ್ಕಳೋದೂ ಇಲ್ಲ."

ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟು ರಾಣಿಯ ಕೈಗೆ ಕೊಟ್ಟಳು. ಅಲ್ಲಿಗೆ ಮಾತು ಗಟ್ಟಿಯಾದ ಹಾಗೆ. ಲಿಂಗರಾಜು ಎಲ್ಲರಿಗಿಂತ ಮುಂದಾಗಿ ಹ್ಞೂಂಗುಟ್ಟಿದ. ಎರಡು ವರ್ಷ ಏನು, ನಾಲ್ಕು ವರ್ಷ ಬೇಕಾದರೂ ದುಡಿಯುತ್ತೇನೆ ಅಂದ. ಆವತ್ತು ಮಧ್ಯಾಹ್ನ ಅವನು ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡ. ಎಷ್ಟೋ ದಿನದ ಮೇಲೆ ಅವನ ಗಂಟಲಲ್ಲಿ ಅನ್ನ ಇಳಿಯುತ್ತಿತ್ತು. ಚಾಮುಂಡಮ್ಮ ಬಡಿಸಿದಳು. ಮಗ ಉಣ್ಣುವುದನ್ನು ನೋಡಿ ಅವಳ ಹೊಟ್ಟೆ ಉರಿದದ್ದು ಜೀವಮಾನದಲ್ಲಿ ಅದೇ ಮೊದಲು.

ಶ್ರಾವಣದಲ್ಲಿ ಸಮಿತಿಯಿಂದ ಕರೆ ಬಂತು. ಉದ್ದ ಮೇಜು, ಅದರಾಚೆ ನಾಲ್ಕು ಜನ. ಮೊದಲು ಮಾದೇವನನ್ನೂ ರಾಣಿಯನ್ನೂ ಕರೆದು, ದುಡ್ಡು ಈಸಿಕೊಂಡಿದ್ದೀರಾ ಎಂದಷ್ಟೇ ಕೇಳಿ ಕಳಿಸಿದರು. ಮಾದೇವ ಹೊರಬಂದು ಹೆಬ್ಬೆರಳೆತ್ತಿ ತೋರಿಸಿದ. ಆಮೇಲೆ ಚಾಮುಂಡಮ್ಮ, ಉಮಾಶಂಕರ ಒಳಹೋದರು.

ನಡುವೆ ಕೂತಿದ್ದ ಹಿರಿಯರು ಮೆತ್ತಗೆ ಕೇಳಿದರು. "ಮಾದೇವ ಸ್ನೇಹಕ್ಕೆ ಕೊಡ್ತೀನಿ ಅಂತಾರೆ. ಒಳ್ಳೇದು. ನೀವೇನಾದರೂ ಕೊಟ್ಟಿದ್ದೀರಾ ತಾಯಿ ಅವರಿಗೆ?"

"ಬಿಡಿಗಾಸು ಕೊಟ್ಟಿಲ್ಲ ಸ್ವಾಮಿ. ನನ್ ಮಕ್ಕಳಾಣೆ."

ಅಲ್ಲಿಗೇ ನಿಲ್ಲಿಸಿದ್ದರೆ ಆಗಿತ್ತು. ಹಿರಿಯರು ತಲೆಯಾಡಿಸುತ್ತಿದ್ದರು. ಆದರೆ ಪಕ್ಕದಲ್ಲಿದ್ದ ಇನ್ನೊಬ್ಬ, ಪೆನ್ನು ತಿರುಗಿಸುತ್ತ, ಒಂದು ಮಾತು ಕೇಳಿದ. "ಹಾಗಾದರೆ ಇಷ್ಟು ದೊಡ್ಡ ವಸ್ತುನ ಸುಮ್ಮನೆ ಬಿಟ್ಟಿ ಇಸ್ಕೋತಿದ್ದೀರಿ ಅನ್ನಿ."

ಚಾಮುಂಡಮ್ಮನ ಮುಖ ಕೆಂಡವಾಯಿತು.

"ಬಿಟ್ಟಿಯಾ? ಯಾರು ಸ್ವಾಮಿ ಬಿಟ್ಟಿ ಈಸ್ಕಂಡೋರು? ನಮ್ ಮನೆ ವಿಚಾರ ನಿಮಗೇನ್ ಗೊತ್ತು?"

ಉಮಾಶಂಕರ ಅವಳ ಸೆರಗು ಎಳೆದ. "ಅವ್ವ, ಸುಮ್ಕಿರು."

"ನೀ ಬುಡ್ಲಾ. ಕೇಳ್ಕಳಿ ಸ್ವಾಮಿ. ಅವನ ಹೊಲ, ಅವನ ಬ್ಯಾರನ್ನು ಎರಡು ವರ್ಷ ನನ್ ದೊಡ್ಮಗ ಮಾಡ್ತಾನೆ. ಈಗ್ಲೇ ಮಾಡ್ತಾವ್ನೆ. ಬಾವಿ ಮಗ್ಗುಲಿನ ಹೊಲ ಉಣ್ಕಳಾಕೆ ಬುಟ್ಟಿದ್ದೀನಿ. ಎಲೆ ಅಡಿಕೆ ಇಟ್ಟು ಮಾತು ಕೊಟ್ಟಿದ್ದೀನಿ. ಬೇಕಾರೆ ಆ ಹೆಣ್ಣುಮಗಳ್ನ ಕೇಳಿ. ಬಿಟ್ಟಿಯಂತೆ, ಬಿಟ್ಟಿ!"

ಪೆನ್ನು ತಿರುಗುವುದು ನಿಂತಿತು. ಹಿರಿಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ರಾಣಿಯನ್ನು ಮತ್ತೆ ಕರೆದರು. ಅವಳು ಸುಳ್ಳು ಹೇಳುವವಳಲ್ಲ. "ಹೌದು ಸಾ, ಎಲೆ ಅಡಿಕೆ ಕೊಟ್ಟವ್ರೆ" ಅಂದಳು.

ಸಮಿತಿ ಒಪ್ಪಲಿಲ್ಲ.

ಸುಕನ್ಯ ಮೆಟ್ಟಿಲ ಹತ್ತಿರ ನಿಂತಿದ್ದಳು. ಅವಳ ಕಣ್ಣು ತುಂಬಿತ್ತು. "ಏನೂ ಕೊಡಬಾರದು ಅಂತ ಹೇಳಿದ್ದೆನಲ್ಲಮ್ಮ."

"ದುಡ್ಡು ಕೊಟ್ಟಿಲ್ವಲ್ಲವ್ವ."

"ಹೊಲ ದುಡ್ಡಲ್ವಾ? ಎರಡು ವರ್ಷದ ದುಡಿಮೆ ದುಡ್ಡಲ್ವಾ?"

"ಅದು ಮುಯ್ಯಿ ಕಣವ್ವ. ನಮ್ಮಲ್ಲಿ ಅಂಗೇಯ. ತೀರಿಸ್ದೆ ಇದ್ರೆ ಉಗಿತಾರೆ."

"ಕಾನೂನಿಗೆ ಅದು ಬೆಲೆ ಅಮ್ಮ. ಅಂಗ ಮಾರಿದ ಹಾಗೆ. ಮೇಲಿನವರಿಗೆ ಅರ್ಜಿ ಹಾಕೋಣ. ಆದರೆ ನೀವೇ ಒಪ್ಪಿಕೊಂಡಿದ್ದೀರಿ, ಏನಾಗುತ್ತೋ, ಎಷ್ಟು ತಿಂಗಳಾಗುತ್ತೋ. ಅಣ್ಣ ಕೊಟ್ಟರೆ ಇದು ಯಾವುದೂ ಇಲ್ಲ. ಅಣ್ಣನನ್ನು ಒಂದು ಸಲ ಕರ್ಕೊಂಡು ಬನ್ನಿ. ಬಲವಂತ ಬೇಡ, ಮಾತಾಡೋಣ."

ಊರಿಗೆ ಬರುವ ಬಸ್ಸಿನಲ್ಲಿ ಮಾದೇವ ತಪ್ಪು ತನ್ನದೇ ಎಂಬಂತೆ ಟವಲಿನಿಂದ ಬಾಯಿ ಮುಚ್ಚಿಕೊಂಡಿದ್ದ. ಬಿಳಿಕೆರೆ ದಾಟಿದ ಮೇಲೆ ಉಮಾಶಂಕರ ಕಿಟಕಿ ಕಡೆ ನೋಡುತ್ತಲೇ ಅಂದ, "ಬಿಟ್ಟಿ ಈಸ್ಕಂಡಿದ್ರೆ ನಾ ಬದುಕ್ತಿದ್ದೆ ಕಣವ್ವ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚಾಮುಂಡಮ್ಮ ತಿರುಗಿಸಿ ಬೈದು ಹಗುರಾಗುತ್ತಿದ್ದಳು.

ಮಾರನೆಯ ದಿನ ರಾಣಿ ಆ ತೆಂಗಿನಕಾಯನ್ನು ತಂದು ಜಗುಲಿ ಮೇಲಿಟ್ಟು ಹೋದಳು. ಚಾಮುಂಡಮ್ಮ ಅದನ್ನು ಒಳಗೆ ತರಲಿಲ್ಲ. ಯಾರೂ ತರಲಿಲ್ಲ. ಮಂಚಯ್ಯನ ಬೀಡಿ ಕಟ್ಟಿನ ಪಕ್ಕ ಅದು ಹಾಗೇ ಬಿದ್ದಿತ್ತು.

ಉಮಾಶಂಕರನಿಗೆ ಉಬ್ಬಸ ಶುರುವಾಯಿತು. ಮಲಗಿದರೆ ಉಸಿರಾಡಲು ಆಗುತ್ತಿರಲಿಲ್ಲ. ಕೂತೇ ನಿದ್ದೆ ಮಾಡುತ್ತಿದ್ದ. ಒಂದು ಸಲ ಆಂಬುಲೆನ್ಸಿನಲ್ಲಿ ಹೊತ್ತುಕೊಂಡು ಹೋಗಿ ನೀರು ತೆಗೆಸಿಕೊಂಡು ಬಂದರು. ಚಾಮುಂಡಮ್ಮ ಚೊಂಬಿನ ನೀರನ್ನು ಇನ್ನೂ ಎರಡು ಬೆರಳು ಕೆಳಗಿಳಿಸಿದಳು. ತನ್ನ ಬಾಯಿಂದ ಕೆಟ್ಟದ್ದನ್ನು ತಾನೇ ಸರಿಮಾಡಬೇಕೆಂದು ಹಟ ಹಿಡಿದಳು. ಅವಳಿಗೆ ಗೊತ್ತಿದ್ದದ್ದು ಒಂದೇ ದಾರಿ. ಲಿಂಗರಾಜುವಿಗೆ ಬಡಿಸುವುದನ್ನು ನಿಲ್ಲಿಸಿದಳು.

"ನನ್ ಕೈ ಮುದ್ದೆ ಬೇಕಾದ್ರೆ ಮೈಸೂರಿಗೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬಾ."

ಕಾವ್ಯಶ್ರೀ ಹಿಂದಿನ ಹಜಾರದಲ್ಲಿ ಬೇರೆ ಒಲೆ ಹೂಡಿದಳು. ಒಂದೇ ಮನೆಯಲ್ಲಿ ಮೂರು ಸಾರು ಕುದಿಯತೊಡಗಿದವು. ಮಂಚಯ್ಯ ಎರಡೂ ಕಡೆ ಉಂಡು ಎರಡೂ ಕಡೆ ಬೈಸಿಕೊಂಡ. ಲಿಂಗರಾಜು ಬೆಳಗಾದರೆ ಮಾದೇವನ ಹೊಲಕ್ಕೆ ಹೋಗಿಬಿಡುತ್ತಿದ್ದ. ಮಾತು ಮುರಿದಿದ್ದರೂ ಅವನು ಅಲ್ಲಿ ಸೊಪ್ಪು ಮುರಿಯುವುದನ್ನು ನಿಲ್ಲಿಸಲಿಲ್ಲ. ಮನೆಯಲ್ಲಿರುವುದಕ್ಕಿಂತ ಅದು ಸುಖವಾಗಿತ್ತು.

ಗೌರಿ ಹಬ್ಬ ಕಳೆದ ಮೇಲೆ ಒಂದು ಡಯಾಲಿಸಿಸ್ಸಿನ ಬೆಳಿಗ್ಗೆ. ಹುಣಸೂರಿಗೆ ಹೊರಡಲು ಉಮಾಶಂಕರ ಶರ್ಟು ಹಾಕಿಕೊಂಡು, ಚೀಲವನ್ನು ಮೊಳೆಗೆ ಸಿಕ್ಕಿಸಿ ಕೂತಿದ್ದ. ಲಿಂಗರಾಜು ಹೊಲಕ್ಕೆ ಹೋಗಲು ಟವಲು ಕೊಡವಿದ. ಚಾಮುಂಡಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಇವತ್ತು ಯೋಳೇ ಹೋಗ್ಬೇಕು. ಕೊಡ್ತೀಯೋ ಇಲ್ವೋ?"

"ಬುಡಿ ಅತ್ತೆ ಅವ್ರನ್ನ" ಎಂದು ಕಾವ್ಯಶ್ರೀ ಹಜಾರದಿಂದ ಬಂದಳು. "ನಾನೇ ಬ್ಯಾಡ ಅಂದಿರೋಳು. ನನ್ನ ಬೈಕಳಿ."

"ನೀ ಸುಮ್ಕಿರು ಕಾವ್ಯ" ಅಂದ ಲಿಂಗರಾಜು. "ಇವಳು ಬ್ಯಾಡ ಅಂದಿಲ್ಲ ಕಣವ್ವ. ಮೊದ್ಲು ಅಂದಿದ್ದು ಇವಳೇ, ಕೊಡಿ, ಏನಾಯ್ತದೆ, ನಾ ದುಡ್ದು ಹಾಕ್ತೀನಿ ಅಂತ. ನಾನೇ ಇವಳ ಕಾಲು ಹಿಡ್ಕಂಡೆ, ನೀನು ಬ್ಯಾಡ ಅಂದಂಗೆ ಯೋಳು ಅಂತ. ನಂಗೆ ಭಯ ಕಣವ್ವ. ಸೂಜಿ ಕಂಡ್ರೇ ಕೈಕಾಲು ತಣ್ಣಗಾಯ್ತದೆ. ಕಣ್ಣು ಮುಚ್ಚಿದ್ರೆ ಹೊಟ್ಟೆ ಕೊಯ್ದಂಗೆ ಆಯ್ತದೆ. ಎರಡು ಸಲ ಮೈಸೂರಿಗೆ ಹೋಗಿ ಆಸ್ಪತ್ರೆ ಗೇಟಿಂದ ವಾಪಸ್ ಬಂದಿದ್ದೀನಿ. ನಾ ಹೇಡಿ. ಸಾಕಾ?"

ಕಾವ್ಯಶ್ರೀ ಗೋಡೆ ಹಿಡಿದು ಕುಸಿದು ಕೂತಳು. ಇಷ್ಟು ತಿಂಗಳು ಅತ್ತೆಯ ಬಾಯಿಂದ ಅನ್ನಿಸಿಕೊಂಡದ್ದೆಲ್ಲ ಅವಳ ಮುಖದ ಮೇಲೆ ಬಂತು. ಆದರೂ ಅವಳು ಒಂದು ಮಾತು ಆಡಲಿಲ್ಲ.

ಆಡಿದವಳು ಚಾಮುಂಡಮ್ಮ. ನಾಲಿಗೆಗೆ ಎಲುಬಿಲ್ಲ.

"ಥೂ! ಅವನ ಬದ್ಲು ನೀನು ಬಿದ್ಕಂಡಿದ್ರೆ ಚೆಂದಾಗಿತ್ತು ಕಣೋ. ಅವನಾದ್ರೆ ಕೇಳೋಕ್ ಮುಂಚೆ ಕೊಡ್ತಿದ್ದ."

ಜಗುಲಿ ಮೇಲೆ ಮಂಚಯ್ಯನ ಕೆಮ್ಮೂ ನಿಂತಿತು.

ಉಮಾಶಂಕರ ಎದ್ದ. "ಸಾಕು ಬುಡವ್ವ" ಅಂದ. "ಅವನ ಜಾಗದಲ್ಲಿ ನಾನಿದ್ದು, ಗೇಟಿನ ತನಕ ಹೋಗಿದ್ರೆ, ನಾನೂ ತಿರುಗಿ ಬತ್ತಿದ್ನೇನೋ. ಯಾರಿಗೆ ಗೊತ್ತು?"

ಅವನು ಅಡಿಗೆಮನೆಗೆ ಹೋದ. ಗೂಡಿನಲ್ಲಿದ್ದ ತನ್ನ ಚೊಂಬು ಮುಟ್ಟಲಿಲ್ಲ. ದೊಡ್ಡ ಚೊಂಬನ್ನು ನೀರಿನ ಕೊಡಕ್ಕೆ ಅದ್ದಿ, ಕತ್ತು ಹಿಂದಕ್ಕೆ ಚೆಲ್ಲಿ, ಗಟಗಟ ಕುಡಿದ. ಗಂಟಲ ಗಂಟು ಮೇಲೆ ಕೆಳಗೆ ಆಡುವುದು ಎಲ್ಲರಿಗೂ ಕಾಣುತ್ತಿತ್ತು. ನೀರು ಗದ್ದದಿಂದ ಇಳಿದು ಶರ್ಟು ನೆನೆಯಿತು. ಮತ್ತೆ ಅದ್ದಿದ. ಮತ್ತೆ ಕುಡಿದ. ಬ್ಯಾಡ ಕಣ್ಲಾ ಎಂದು ಯಾರಾದರೂ ಕೂಗಬೇಕಿತ್ತು. ಆ ಹೊತ್ತಿಗೆ ಯಾರಿಗೂ ಯಾರ ಮುಖ ನೋಡುವ ಧೈರ್ಯವಿರಲಿಲ್ಲ.

"ಎಷ್ಟು ತಣ್ಣಗದೆ ನೀರು" ಅಂದ.

ತಟ್ಟೆ ತೆಗೆದುಕೊಂಡ. ಅವ್ವನ ಒಲೆಯ ಪಾತ್ರೆಯಿಂದ ಒಂದು ಮುದ್ದೆ ಇಟ್ಟು, ಸಾರು ಬಿಟ್ಟು, ಅಣ್ಣನ ಮುಂದಿಟ್ಟ. "ಉಣ್ಣಣ್ಣ. ಉಂಡು ಹೊಲಕ್ಕೆ ಹೋಗು." ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ಜಗುಲಿ ಮೇಲಿನ ಒಣಗಿದ ತೆಂಗಿನಕಾಯನ್ನು ಕಾಲಿಗೆ ಸಿಗದ ಹಾಗೆ ಒಂದು ಪಕ್ಕಕ್ಕೆ ಸರಿಸಿ, ಬೀದಿಗಿಳಿದ.

ಬಸ್ಸಿಗೆ ಹೊತ್ತಾಯಿತು, ಅದಕ್ಕೇ ಹೊರಟ ಅಂದುಕೊಂಡಳು ಚಾಮುಂಡಮ್ಮ. ಅವಳು ಬಾಗಿಲಲ್ಲೇ ಕೂತು ಅಳುತ್ತಿದ್ದಳು. ಲಿಂಗರಾಜು ತಟ್ಟೆ ಮುಂದೆ ಕೂತಿದ್ದ. ಮೊಳೆಯಲ್ಲಿ ಚೀಲ ನೇತಾಡುತ್ತಿರುವುದನ್ನು ಕಾವ್ಯಶ್ರೀ ಎಷ್ಟೋ ಹೊತ್ತಾದ ಮೇಲೆ ನೋಡಿದಳು. ಫೋನೂ ಚೀಲದಲ್ಲೇ ಇತ್ತು. ಅವಳು ನೋಡುತ್ತಿರುವಾಗಲೇ ಅದು ಬಡಿದುಕೊಂಡಿತು. ಹುಣಸೂರಿನ ಡಯಾಲಿಸಿಸ್ಸಿನವರು.

"ಉಮಾಶಂಕರ್ ಬಂದಿಲ್ವಲ್ಲ ಇನ್ನೂ? ಮೆಷಿನ್ ಖಾಲಿ ಇಟ್ಕೊಂಡು ಕಾಯ್ತಿದ್ದೀವಿ."

ಲಿಂಗರಾಜು ತಟ್ಟೆ ಬಿಟ್ಟು ಕೈ ತೊಳೆಯದೆ ಓಡಿದ. ಮಾದೇವ ಬೈಕು ತೆಗೆದ. ಹುಣಸೂರು ಬಸ್ ಸ್ಟ್ಯಾಂಡು, ಲಕ್ಷ್ಮಣತೀರ್ಥದ ದಡ, ಹಳೇ ಆಟೋ ಗೆಳೆಯರ ಮನೆ, ಎಲ್ಲ ಕಡೆ ಹುಡುಕಿದರು. ಹೊತ್ತು ಮುಳುಗುವ ಮುಂಚೆ ಪೊಲೀಸಿಗೆ ತಿಳಿಸಿ ಬಂದರು. ಮರುದಿನ ತಮ್ಮದೇ ಊರಿನ ಕೃಷ್ಣಕುಮಾರ್ ಮನೆಗೆ ಬಂದ. ಅವನು ಕೋಟೆ ಬಸ್ಸಿನ ಕಂಡಕ್ಟರ್.

"ನನ್ ಬಸ್ಸಿಗೇ ಹತ್ತಿದ್ದ ಚಾಮವ್ವ. ಹೆಗ್ಗಡದೇವನಕೋಟೆಗೆ ಟಿಕೆಟ್ ತಗಂಡ. ಕೆಲಸಕ್ಕೋ ಏನೋ ಅಂದ್ಕಂಡೆ. ನಾ ಏನ್ ಕಂಡೆ?"

"ಏನಾರ ಯೋಳಿದ್ನೇನಪ್ಪ?"

ಕೃಷ್ಣಕುಮಾರ್ ಟೋಪಿ ತೆಗೆದು ತೊಡೆ ಮೇಲಿಟ್ಟುಕೊಂಡ. "ಬಾಯಾರ್ತದೆ, ನೀರಿದ್ರೆ ಕೊಡಣ್ಣ ಅಂದ. ನನ್ ಬಾಟ್ಲಿ ಕೊಟ್ಟೆ. ಪೂರ್ತಿ ಕುಡ್ದ. ಎಷ್ಟಣ್ಣ ಅಂತ ಜೇಬಿಗೆ ಕೈ ಹಾಕ್ದ. ನೀರಿಗೇನ್ಲಾ ಕಾಸು ಅಂದೆ. ಅದಕ್ಕೆ ನಕ್ಕ."

"ನಕ್ನಾ?"

"ಹ್ಞೂಂ. ಬಿಟ್ಟಿ ಈಸ್ಕಂಡೆ ಅಂತ ನಮ್ಮವ್ವಂಗೆ ಯೋಳ್ಬೇಡ ಕಣಣ್ಣ ಅಂದ. ಕೋಟೇಲಿ ಇಳ್ದ. ಸರಗೂರು ಕಡೆ ಬಸ್ಸು ನಿಲ್ತವಲ್ಲ, ಆ ಕಡೆ ನಡ್ಕಂಡು ಹೋದ."

ಆಮೇಲೆ ಅವನನ್ನು ಕಂಡವರು ಯಾರೂ ಇಲ್ಲ.